ನಾಲ್ಕು ಬೆರಳು

ಮೂವತ್ತೆಂಟು ಸಾವಿರಕ್ಕೆ ತಂದದ್ದು.
ಜಿನ್ನಿಂಗ್ ಮಿಲ್ಲಿನ ಹಿಂದೆ ನಿಂತೂ ನಿಂತೂ
ಜಾಲಿಗಿಡವೊಂದು ಎಂಜಿನ್ನಿನ ಸಂದಿಯಲ್ಲೇ ಹುಟ್ಟಿ
ಬಾನೆಟ್ಟು ಎತ್ತಿ ಇಣುಕುತ್ತಿದ್ದ ಟಾಟಾ ಟೂ ನಾಟ್ ಸೆವೆನ್.
ಎಳೆದು ತಂದ ಟ್ರ್ಯಾಕ್ಟರಿನ ಬಾಡಿಗೆ ಬೇರೆ.
ಹಿಂದೆ ಬಾಡಿ ಇಲ್ಲ, ಬರೀ ಚಾಸಿ;
ಬಾಲ ಉದುರಿದ ಹಲ್ಲಿಯ ಹಾಗೆ
ನಮ್ಮ ಗೇಟಿನೊಳಗೆ ನುಸುಳಿತು.
‘ನೋಡು, ಹೆಂಗೆ ಬಂತು’ ಅಂದರು ನಮ್ಮವರು.
ಬರೋದು ಯಾವಾಗಲೂ ಸಲೀಸು.

ಲೆಕ್ಕ ನನ್ನದು. ಹಾಲಿನವನ ಗೀಟುಗಳ ಪಕ್ಕದಲ್ಲೇ
ಕ್ಯಾಲೆಂಡರಿನ ಖಾಲಿ ಚೌಕಗಳಲ್ಲಿ ಬರೆದೆ:
ತೊಳೆಯೋಕೆ ಡೀಸೆಲ್ಲು ಎರಡು ಲೀಟರು,
ಉಪ್ಪುಕಾಗದ ಹನ್ನೆರಡು,
ಗುಜರಿಯ ಡೈನಮೋ, ಗುಜರಿಯ ಒಂದು ಕಣ್ಣಿನ ಲೈಟು.
ಹೆಡ್ ಗ್ಯಾಸ್ಕೆಟ್ ಮಾತ್ರ ಹೊಸದು.
‘ಇದೊಂದರಲ್ಲಿ ಜಿಪುಣತನ ಮಾಡಿದ್ರೆ
ನನ್ನ ಕರೀಬೇಡ್ರಿ’ ಅಂದಿದ್ದ ದಾದಾಪೀರ್.

ದಾದಾಪೀರ್ ವೆಲ್ಡಿಂಗಿಗೆ ದುಡ್ಡು ತಗೊಳ್ಳಲಿಲ್ಲ.
ಅವನ ಇಬ್ಬರು ಹುಡುಗಿಯರ ಯೂನಿಫಾರ್ಮು,
ನಾಲ್ಕು ಜೊತೆ, ಒಂದಿಂಚು ಒಳಗೆ ಮಡಚಿ
ಮುಂದಿನ ವರ್ಷಕ್ಕೂ ಬರುವ ಹಾಗೆ ಹೊಲಿದುಕೊಟ್ಟೆ.

ಕ್ಯಾಬಿನ್ನಿನ ನೆಲ ತಿಂದುಹೋಗಿತ್ತು.
ಸೀಟಲ್ಲಿ ಕೂತರೆ ಕಾಲ ಕೆಳಗೆ ಅಂಗಳ,
ಅಂಗಳದಲ್ಲಿ ಇರುವೆ ಸಾಲು.
ತಗಡು ಬೇಕು, ದಪ್ಪನೆಯದು.
ಅವರು ಬಾಯಿಬಿಟ್ಟು ಕೇಳಲಿಲ್ಲ,
ನನ್ನ ತವರಿನ ಬೀರುವನ್ನು ಸುಮ್ಮನೆ
ಎರಡು ಸಲ ನೋಡಿದರು.
ನಾನು ಎರಡು ದಿನ ಮಾತಾಡಲಿಲ್ಲ.
ಮೂರನೇ ದಿನ ಸೀರೆಗಳಿಗೆ ಪರದೆ ಹೊಲಿದೆ,
ಎಡಗಡೆ ಬಾಗಿಲು ಒಯ್ಯಿರಿ ಅಂದೆ,
ಕನ್ನಡಿ ಇರುವ ಬಲಗಡೆಯದು ಮುಟ್ಟಬೇಡಿ.

ಮಂಡಕ್ಕಿ ಭಟ್ಟಿಯ ಹಿತ್ತಲಲ್ಲಿ
ಸುಡೋಕೆ ಅಂತ ಒಟ್ಟಿದ ಟೈರುಗಳ ರಾಶಿ.
ಮೊಣಕೈ ತನಕ ಮಸಿ ಮಾಡಿಕೊಂಡು
ಇನ್ನೂ ಗೀರು ಉಳಿದದ್ದೊಂದನ್ನು ಹೆಕ್ಕಿ
ಕೋಲಿಂದ ಬಡಿಯುತ್ತ ಉರುಳಿಸಿಕೊಂಡು ಬಂದರು,
ಐವತ್ತೆರಡು ವರ್ಷದ ಮನುಷ್ಯ, ಓಣಿಯ ನಟ್ಟನಡುವೆ.
ಆಚೆ ಓಣಿಯ ಹುಡುಗರು ಹಿಂದೆ.

ಬಾಡಿಗೆ ಹಲಗೆ, ಕೆಡವಿದ ಟಾಕೀಸಿನ ಬಾಲ್ಕನಿಯದು.
ಕೆಲವಕ್ಕೆ ಇನ್ನೂ ಸೀಟಿನ ನಂಬರು.
ಹದಿನಾಲ್ಕರ ಅಡಿಯಲ್ಲಿ ಯಾರದೋ ಒಣಗಿದ ಬಬಲ್‌ಗಮ್ಮು,
ಉಗುರಲ್ಲಿ ಕಿತ್ತರೂ ಬರಲಿಲ್ಲ, ಅದರ ಮೇಲೇ ನೀಲಿ ಬಳಿದರು.
ರೆಕ್ಸಿನ್ನಿಗೆ ನನ್ನ ಮಿಷನ್ನಿನ ಸೂಜಿ ಮೂರು ಮುರಿದವು.
ಅದನ್ನೂ ಬರೆದೆ. ಅವರು ನಕ್ಕರು.
ನಾನು ನಗಲಿಲ್ಲ.

ಎಂಜಿನ್ನು ಹತ್ತಿಕೊಂಡ ದಿನ
ಅಡುಗೆಮನೆಯ ಲೋಟಗಳು ಒಂದಕ್ಕೊಂದು ಮಾತಾಡಿದವು,
ಒಣಹಾಕಿದ ಬಟ್ಟೆಯನ್ನೆಲ್ಲ ಮತ್ತೆ ಒಗೆದೆ.
‘ಬಾ, ಬಾ, ಬಾ, ಬರ‍್ಲಿ’ ಅಂತ ದಾದಾಪೀರ್ ಬೆನ್ನಾಗಿ ನಡೆದ.
ಟಕ್.

ನಾಲ್ಕು ಬೆರಳು.
ಬಾಡಿ ಗೇಟಿಗಿಂತ ನಾಲ್ಕು ಬೆರಳು ಅಗಲ.
ಐದು ತಿಂಗಳು ಎಂಜಿನ್ನಿನ ಕೂದಲೆಳೆ ಸಂದು ಅಳೆದವರು
ಗೇಟು ಅಳೆದಿರಲಿಲ್ಲ.
ಮೂವರೂ ನಿಂತೆವು. ಯಾರೂ ಏನೂ ಅನ್ನಲಿಲ್ಲ.
‘ಬಾಡಿ ಕೊಯ್ದರಾಯ್ತು’ ಅಂದರು ಅವರು,
ಅಂದ ದನಿ ಅವರದಾಗಿರಲಿಲ್ಲ.
ನಾನು ಒಳಗೆ ಹೋಗಿ ಹಾರೆ ತಂದೆ.

ಗೋಡೆಯ ಲೆಕ್ಕ ಕ್ಯಾಲೆಂಡರಿನಲ್ಲಿಲ್ಲ.

ಹಿಂದಿನ ಪಟ್ಟಿಗಳಲ್ಲಿ ಒಂದು ಮುರಿದಿದೆ,
ಹೊಸದಕ್ಕೆ ಈ ವರ್ಷ ಚೌಕ ಉಳಿದಿಲ್ಲ.
ಹಾಗಾಗಿ ಕಬ್ಬಿಣ ಹೇರುವುದಿಲ್ಲ, ಸಿಮೆಂಟು ಹೇರುವುದಿಲ್ಲ.
ಹೇರುವುದು ಮಂಡಕ್ಕಿ,
ಕರೆಂಟಿನ ತಂತಿಗೆ ತಾಗುವಷ್ಟು ಚೀಲ;
ಪಟ್ಟಿಗೆ ಗೊತ್ತೇ ಆಗುವುದಿಲ್ಲ.
ಉಪ್ಪುಗಾಳಿ ಮೂಟೆ ಕಟ್ಟಿಕೊಂಡು
ಹೊಳಲ್ಕೆರೆ ಸಂತೆಗೆ ಹೊರಟಂತೆ.

ಮೊದಲ ಟ್ರಿಪ್ಪಿಗೆ ನಾನೂ ಕೂತೆ.
ಬೀರುವಿನ ಬಾಗಿಲ ಮೇಲೆ ಕಾಲೂರಿ.
ಬೀಗದ ಕಿಂಡಿ ಮುಚ್ಚೋಕೆ ದಾದಾಪೀರ್ ಮರೆತಿದ್ದಾನೆ.
ಬಗ್ಗಿ ನೋಡಿದರೆ ಅದರೊಳಗೆ
ರಸ್ತೆ, ಜೋಳದ ಕಾಳಿನಷ್ಟು,
ಓಡುತ್ತಿದೆ.