ಬೊಟ್ಟುವಿನ ಹಿಂಗಾಲು

ಜನವರಿಯ ಕೊನೆಯ ವಾರ. ಮಾದಾಪುರದ ಪಶು ಆಸ್ಪತ್ರೆಗೆ
ಜೀಪಿನಿಂದ ಮೊದಲು ಇಳಿದದ್ದು ಕಂಬಳಿ,
ಆಮೇಲೆ ಕಂಬಳಿಯೊಳಗಿನ ನಾಯಿ, ಹಣೆಯಲ್ಲಿ ಬಿಳಿ ಬೊಟ್ಟು,
ಆಮೇಲೆ ಹವಾಲ್ದಾರ್ ಮೇದಪ್ಪ. ಮಂಡಿಯವರೆಗೆ ರಕ್ತ,
ಒಂದು ಹನಿಯೂ ಅವರದಲ್ಲ.

ಎಡ ಹಿಂಗಾಲು. ಹಿಮ್ಮಡಿಯಿಂದ ಎರಡು ಬೆರಳು ಮೇಲೆ
ಕುಡುಗೋಲಿಟ್ಟು ಎಳೆದಷ್ಟು ನೇರ.
"ತಂತಿ ಬೇಲಿಯೆ?" "ಅಲ್ಲ."
"ಹಂದಿಗೆ ಇಟ್ಟ ಉರುಳೆ?" "ಅಲ್ಲ."
ಅವರು ಕಿಟಕಿಯಾಚೆ ನೋಡಿದರು.
ಕೋಟೆಬೆಟ್ಟ ಏನೂ ಅರಿಯದಂತೆ ನಿಂತಿತ್ತು.

"ಬಿದಿರು," ಅಂದರು ಕೊನೆಗೆ.

ಗುಲ್ಮಾರ್ಗಿನಲ್ಲಿ ಮೂರು ಚಳಿಗಾಲ
ಕಾಲಿಗೆ ಹಲಗೆ ಕಟ್ಟಿ ಹಿಮದ ಮೇಲೆ ಜಾರುವುದನ್ನು
ಸೈನ್ಯ ಕಲಿಸಿತ್ತು. ಪಿಂಚಣಿ ಬಂತು, ಹಿಮ ಬರಲಿಲ್ಲ.
ಆದರೆ ಬೆಟ್ಟದ ಹುಲ್ಲು ಮಾಗಿಯಲ್ಲಿ ಒಣಗಿ
ಎಣ್ಣೆ ಸವರಿದ ಹಾಗೆ ನುಣುಪಾಗುತ್ತದಲ್ಲ,
ದನ ಕೂಡ ಅಡ್ಡಡ್ಡ ಹೆಜ್ಜೆ ಇಡುವ ಆ ಇಳಿಜಾರು,
ಅದಕ್ಕೆಂದೇ ಹೆಬ್ಬಿದಿರು ಸೀಳಿ, ಬೆಂಕಿಗೆ ಹಿಡಿದು ಮೂತಿ ಬಾಗಿಸಿ,
ಗಾಜಿನ ಚೂರಿನಿಂದ ಹೆರೆದು ಹೆರೆದು
ಅರವತ್ತೆರಡರಲ್ಲಿ ಎರಡು ಹಲಗೆ ಮಾಡಿಕೊಂಡರು.
ಚೋಂದವ್ವ ಒಂದೇ ಮಾತು ಹೇಳಿದರಂತೆ:
"ಬೀಳುವುದಾದರೆ ರಸ್ತೆ ಕಡೆ ಬೀಳಿ, ಎತ್ತಿಕೊಂಡು ಬರಲು ಸುಲಭ."

ನಾಯಿಯ ಬಗ್ಗೆ ಯಾರೂ ಏನೂ ಹೇಳಲಿಲ್ಲ.
ನಾಯಿಯನ್ನೂ ಯಾರೂ ಕೇಳಲಿಲ್ಲ.

ಹೊಲಿಯುವಾಗ ನಾನು ಮಾತಾಡುವವಳಲ್ಲ.
ಹಾವೇರಿ ಕಡೆಯವಳು; ನಮ್ಮಲ್ಲಿ ಎತ್ತರವೆಂದರೆ ಬಣವೆ.
ಅಂದು ಮಾತ್ರ ಬಾಯಿ ತಡೆಯಲಿಲ್ಲ.
ನೋಡಿ, ಇದು ನಿಮ್ಮ ಹಿಂದೆ ಓಡುವುದಿಲ್ಲ,
ನಿಮ್ಮ ಹಿಮ್ಮಡಿಗೇ ಓಡುತ್ತದೆ.
ನೀವು ತಿರುಗುವ ಕಡೆಗೆ ಇದರ ಮುಖ
ಮೊದಲೇ ತಿರುಗಿರುತ್ತದೆ.
ಅಂಚು ಅಂದರೆ ನಿಮಗೆ ಹಿಡಿತ. ಇದಕ್ಕೆ...
ಸೂಜಿಗೆ ದಾರ ಪೋಣಿಸಬೇಕಿತ್ತು, ಮಾತು ಅಲ್ಲಿಗೇ ನಿಂತಿತು.

ಸ್ನಾಯುರಜ್ಜು ಮುಕ್ಕಾಲು ಹರಿದಿತ್ತು.
ಉಳಿದ ಕಾಲುಭಾಗ, ನೆನೆದ ಹುರಿಯಂತೆ, ಕಚ್ಚಿಕೊಂಡಿತ್ತು.
ಅದನ್ನೇ ನಂಬಿ ಕೂತೆ.
ಒಳಗೆ ನಾಲ್ಕು ಹೊಲಿಗೆ, ಹೊರಗೆ ಹನ್ನೊಂದು.

ಆಗ ಅವರು ಹೇಳಿದರು, ನನಗಲ್ಲ, ನಾಯಿಯ ಕಿವಿಗೆ:
ನಮ್ಮ ಠಾಣೆಯಲ್ಲೊಂದು ನಾಯಿ ಇತ್ತು. ಯಾರದೂ ಅಲ್ಲ,
ಹಾಗಾಗಿ ಎಲ್ಲರದು. ಸುಬೇದಾರ್ ಅಂತ ಕರೆಯುತ್ತಿದ್ದೆವು.
ಗಸ್ತಿಗೆ ನಮಗಿಂತ ಮೊದಲೇ ಸಿದ್ಧ.
ಶಿಖರದ ಅಂಚಿನಲ್ಲಿ ಗಾಳಿ ಹಿಮವನ್ನು ಸೂರಿನಂತೆ ಚಾಚಿರುತ್ತದೆ,
ಮೇಲಿಂದ ನೋಡಿದರೆ ನೆಲ, ಕೆಳಗೆ ಏನೂ ಇಲ್ಲ.
ನಮಗೆ ಗೊತ್ತಿತ್ತು. ಹಗ್ಗ ಇತ್ತು, ನಕ್ಷೆ ಇತ್ತು.
ನಾನು ಆಚೆ ಬದಿ ನಿಂತು "ಬಾ" ಅಂದೆ.
ಬಳಸಿಕೊಂಡು ಬಾ ಅನ್ನಲು ನಾಯಿಯ ಭಾಷೆಯಲ್ಲಿ ಪದವಿಲ್ಲ.
ಅದು ನೇರ ಬಂತು.

ನಲ್ಲಿ ತೊಟ್ಟಿಕ್ಕುತ್ತಿತ್ತು.
ಕಾಂಪೌಂಡರ್ ಜೋಯಪ್ಪ ಮಡಿಸಿದ ಹತ್ತಿಯನ್ನೇ ಮತ್ತೆ ಮಡಿಸಿದ.

ಇಷ್ಟಾದ ಮೇಲೂ ಬಿದಿರು ಸೀಳಿದಿರಾ ಎಂದು ಕೇಳಬಹುದಿತ್ತು.
ಕೇಳಲಿಲ್ಲ. ಹಟ್ಟಿಹೊಳೆಯ ಪಾಚಿಗಲ್ಲಿನ ಮೇಲೆ ನಿಂತು
ನಾನೂ ಮಗಳನ್ನು ಕರೆದವಳೇ, "ಬಾರೇ, ಏನೂ ಆಗಲ್ಲ."
ಏನೂ ಆಗಲಿಲ್ಲ.
ಆಗದೇ ಹೋದದ್ದು ನನ್ನ ಜಾಣತನವಂತೂ ಅಲ್ಲ.

ಏಪ್ರಿಲ್‌ನಲ್ಲಿ, ಕಾಫಿ ಹೂವೆಲ್ಲ ಕಂದಿ ಉದುರಿದ ಮೇಲೆ,
ಗರ್ವಾಲೆಯಲ್ಲಿ ಕರು ಹಾಕಲಾರದ ಹಸುವೊಂದನ್ನು ನೋಡಿ ಬರುವಾಗ
ದಾರಿಯಲ್ಲಿ ಸಿಕ್ಕರು. ಬೊಟ್ಟು ಮುಂದೆ, ಮೂರೂವರೆ ಕಾಲಲ್ಲಿ;
ಅವರು ಹಿಂದೆ, ಕೈಯಲ್ಲಿ ಮೂತಿ ಬಾಗಿದ ಊರುಗೋಲು.
"ಇನ್ನೊಂದು?"
"ಅವರೆ ಬಳ್ಳಿಗೆ ಕೊಟ್ಟೆ, ಡಾಕ್ಟ್ರೇ."
"ಎಲ್ಲಿಯವರೆಗೆ ಏರುತ್ತೀರಿ?"
"ಇದು ಕೂರುವವರೆಗೆ."

ಎರಡನೆಯ ತಿರುವಿನಲ್ಲೇ ಕೂತಿತು.
ಅವರೂ ಪಕ್ಕಕ್ಕೆ ಕೂತರು, ಬೂಟಿನ ಲೇಸು ಸಡಿಲಿಸಿದರು.
ಕೋಟೆಬೆಟ್ಟ ಇನ್ನೂ ಎಷ್ಟೋ ಮೇಲಿತ್ತು.
ಜೀಪು ಇಳಿಯುವಾಗ ಕನ್ನಡಿಯಲ್ಲಿ ನೋಡಿದೆ:
ನಾನು ಹೊಲಿದ ಜಾಗದಲ್ಲಿ ಕೂದಲು ಹುಟ್ಟಿಲ್ಲ,
ಬಿಸಿಲಿಗೆ ಒಂದು ಗೆರೆ, ಅಷ್ಟೇ, ಮಿನುಗಿತು.