ನಡುಹೊಳೆಯ ಲೆಕ್ಕ

ಮೊದಲು ಕಲ್ಲು ತೊಳೆಯಬೇಕು.
ರುದ್ರಮುನಿ ಮೇಷ್ಟ್ರು ತೆಂಗಿನ ನಾರಿನಲ್ಲಿ ಉಜ್ಜುತ್ತಾರೆ,
ನಾನು ತುಂಗಭದ್ರೆಯಿಂದ ಕೊಡ ತಂದು ಸುರಿಯುತ್ತೇನೆ.
ಎಂಟುನೂರು ವರ್ಷದ ಮೇಲೆ ಕೂತ
ನಿನ್ನೆಯ ಸೋಪಿನ ನೊರೆ
ಎಲ್ಲಕ್ಕಿಂತ ಮುಂಚೆ ಬಿಡುತ್ತದೆ.

ಒದ್ದೆ ಕಾಗದ ಹೊದಿಸಿ, ಕುಂಚದಿಂದ ಬಡಿದು,
ಮಸಿಯುಂಡೆ ಒತ್ತುತ್ತಾ ಹೋದಂತೆ
ಕಪ್ಪಿನೊಳಗಿಂದ ಬೆಳ್ಳಗೆ ಎದ್ದು ಬರುತ್ತಾರೆ:
ಶರಣಾಗತ ವಜ್ರಪಂಜರ, ಗಂಡರ ಗಂಡ,
ತುಂಬಿದ ಹೊಳೆಗೆ ಬೆನ್ನು ತೋರದವ,
ಕಡವೂರ ಪ್ರಭು ಬೊಪ್ಪರಸ.
ಹದಿನಾರು ಸಾಲು ಬರೀ ಬಿರುದು.
"ಅನ್ನಕ್ಕಿಂತ ಉಪ್ಪಿನಕಾಯಿ ಜಾಸ್ತಿ," ಅನ್ನುತ್ತಾರೆ ಮೇಷ್ಟ್ರು.

ಬೊಪ್ಪರಸನಿಗೆ ಇಬ್ಬರು ಮಕ್ಕಳು.
ಕೋಟೆ ಒಂದೇ, ಅದೂ ಮಣ್ಣಿನದು,
ಈಗ ಅದರ ಮೇಲೆ ಮೆಕ್ಕೆಜೋಳ ಒಣಗುತ್ತದೆ.
ಹಿರಿಯ ಕೇತರಸ ಈ ದಡ ಇಟ್ಟುಕೊಂಡ.
ಕಿರಿಯ ಏಚರಸ ಆ ದಡಕ್ಕೆ ಹೋಗುವಾಗ
ತಾಯಿಯನ್ನು, ಹನ್ನೆರಡು ಕುದುರೆಗಳನ್ನು,
ಕಡವಿನ ಸುಂಕದ ಅರ್ಧ ಹಕ್ಕನ್ನು ಕೊಂಡೊಯ್ದ.

ಅರ್ಧ ಅಂದರೆ ಅರ್ಧವಲ್ಲ.
ಎಲೆಯ ಹೇರಿಗೆ, ಉಪ್ಪಿನ ಹೇರಿಗೆ
ಇಲ್ಲಿ ಹತ್ತುವಾಗ ಒಂದು ಹಾಗ,
ಅಲ್ಲಿ ಇಳಿಯುವಾಗ ಒಂದು ಹಾಗ.
ಮದುವೆಯ ಹೆಣ್ಣಿಗೆ ಎರಡು ದಡದಲ್ಲೂ,
ತವರಿಗೆ ತಿರುಗಿ ಬಂದರೆ ಮತ್ತೆರಡು.

ಇಪ್ಪತ್ತೊಂಬತ್ತನೇ ಸಾಲಲ್ಲಿ, ಅಂಚಿಗೆ ಒತ್ತಿಕೊಂಡು,
ಒಬ್ಬ ಅಂಬಿಗ ಇದ್ದಾನೆ.
ಹೆಸರಿನ ಮೊದಲಕ್ಷರ ಬಟ್ಟೆಯೇಟಿಗೆ ಸವೆದು
ಉಳಿದದ್ದು ಬರೀ 'ಲೆಯ'.
"ಹಾಲೆಯ ಅಂತ ಬರಕೊಳ್ರಿ," ಅಪ್ಪನ ತೀರ್ಪು,
"ನನ್ನ ಹೆಸರು ಹಾಲೇಶಪ್ಪ, ಮತ್ತಿನ್ನೇನ್ ಬೇಕು?"
ಬಾಲೆಯನೂ ಇರಬಹುದು, ಮಾಲೆಯನೂ ಇರಬಹುದು.
ಮೇಷ್ಟ್ರು ಹೇಳಿದರು. ಅಪ್ಪ ಕೇಳಿಸಿಕೊಳ್ಳಲಿಲ್ಲ.

ಆ ಲೆಯ ಮಾಡಿದ್ದು ಇಷ್ಟು:
ಎರಡೂ ಕಡೆ ತೆತ್ತು ಸಾಕಾಗಿ
ಹರಿಗೋಲನ್ನು ನಡುಹೊಳೆಯಲ್ಲಿ ನಿಲ್ಲಿಸಿ
ಇದು ಯಾರ ಸೀಮೆ ಎಂದು ಕೂಗಿ ಕೇಳಿದ.
ಅರಸುಮಕ್ಕಳಿಗೆ ಉತ್ತರ ಇರಲಿಲ್ಲ.
ಹಾಗಾಗಿ ಇಬ್ಬರೂ ಬಾಣ ಬಿಟ್ಟರು.

ತಾಗಿತೇ ಇಲ್ಲವೇ ಎಂಬಲ್ಲಿ ಕಲ್ಲು ಒಡೆದಿದೆ.
ಬಿರುಕಿನಾಚೆ, ಗದ್ದೆ ಒಂದು ಮತ್ತರು, 'ಕೊಡಗೆ'.
ಅದರ ಹಿಂದೆ 'ನೆತ್ತರು' ಇತ್ತೋ ಇಲ್ಲವೋ,
ಇದ್ದರೆ ಗದ್ದೆ ಹೆಂಡತಿಗೆ,
ಇಲ್ಲದಿದ್ದರೆ ಅವನಿಗೇ.
ಆಮೇಲೆ ಶಾಪ: ಇದನ್ನು ಅಳಿದವ
ಅರವತ್ತು ಸಾವಿರ ವರ್ಷ ಮಲದ ಹುಳು.

ಆ ಮತ್ತರು ಯಾವುದೆಂದು ನನಗೆ ಗೊತ್ತು.
ನಾಡಕಚೇರಿಯಲ್ಲಿ ನನ್ನದು ಪಹಣಿಯ ಕೆಲಸ,
ಒಂಬತ್ತನೇ ಕಾಲಮ್ಮಿನಲ್ಲಿ ಯಾರಿದ್ದಾರೆಂದೂ ಗೊತ್ತು.
ಹೇಳಲಿಲ್ಲ.
ಅವರ ಮನೆಯ ಮಜ್ಜಿಗೆ ಕುಡಿದೇ ಇಲ್ಲಿಗೆ ಇಳಿದು ಬಂದಿದ್ದೆವು.

ಹೊಳೆ ಈಗ ಎರಡು ಜಿಲ್ಲೆಗಳ ಗಡಿ.
ಹೋದ ಆಷಾಢದಲ್ಲಿ ನಡುಬಂಡೆಗೆ ಒಂದು ಹೆಣ ಸಿಕ್ಕಿಕೊಂಡಿತ್ತು,
ಚಿಕ್ಕ ವಯಸ್ಸು, ಒಂದು ಕೈಯಲ್ಲಿ ಮಾತ್ರ ಹಸಿರು ಬಳೆ.
ಈ ದಡದಲ್ಲೊಂದು ಜೀಪು, ಆ ದಡದಲ್ಲೊಂದು ಜೀಪು,
ಫೋನಿನಲ್ಲಿ ಪರಸ್ಪರ 'ಸರ್' ಅಂದುಕೊಳ್ಳುತ್ತಾ
ನಿಮಗೇ ಸೇರಿದ್ದು, ಇಲ್ಲ ನಿಮಗೇ.
ಅಪ್ಪ ಅವಳ ಮುಖಕ್ಕೆ ಟವೆಲು ಹೊದಿಸಿ
ಹರಿಗೋಲಲ್ಲಿ ಎರಡು ತಾಸು ಕೂತ.
"ಯಾವ ಕಡಿಗೆ ಎಳೀಲ್ರೀ?"
ಎರಡು ಕಡೆಯಿಂದಲೂ ಕೈ ಬೀಸಿದರು,
ಅತ್ತ, ಅತ್ತ.

ಕೊನೆಗೆ ಈ ಕಡೆಗೇ ತಂದ. ಯಾಕೆಂದರೆ,
"ಆಕಿ ಕಾಲು ಈ ಕಡಿ ಇದ್ವು."

ಕಾಗದ ಒಣಗಿತು. ಮೇಷ್ಟ್ರು ನಿಧಾನ ಸುಲಿದರು.
ನೆತ್ತಿಯಲ್ಲಿ ಸೂರ್ಯ ಮೂಡಿದ್ದಾನೆ,
ಚಂದ್ರ ಬಂದಿಲ್ಲ. ಬ್ರಷ್ಷು ಇಡುವ ಜಾಗ ಅದು.
"ನನ್ನ ಹೆಸರು ಹಾಕ್ಕೊಂಡ್ರ್ಯಾ?"
"ಚುಕ್ಕಿ ಇಟ್ಟಿದೀನಿ ಹಾಲೇಶಪ್ಪಾರೆ."
"ಎಷ್ಟು?"
"ಮೂರು."
ಅಪ್ಪ ಬಗ್ಗಿ ಎಣಿಸಿ ನೋಡಿದ.

ಮೆಟ್ಟಿಲ ಮೇಲೆ ಗುತ್ಯಮ್ಮ ಆಗಿನಿಂದ ಕಾಯುತ್ತಿದ್ದಾಳೆ,
ಸೊಂಟದಲ್ಲಿ ಬಕೆಟ್ಟು, ಹೆಗಲಲ್ಲಿ ನೆನೆದ ದುಪ್ಪಟಿ.
"ಆತೇನ್ರಿ ನಿಮ್ದು?"