ಪಾವು ಕಮ್ಮಿ ಎರಡಿಂಚು

ಸೈಲೆನ್ಸರ್ ಅನ್ನುತ್ತೇವೆ.
ಸುಮ್ಮನಿರಿಸಲಿಕ್ಕೆಂದೇ ಮಾಡಿದ ಡಬ್ಬಿಗೆ
ದನಿ ಹಾಕಿಸಲು ಬಂದಿದ್ದೆ ಉದ್ಯಮಬಾಗಕ್ಕೆ,
ಫೌಂಡ್ರಿಯ ಕರಿಮರಳು ಚೆಲ್ಲಿದ ಓಣಿಗೆ,
ದೀಪಾವಳಿ ಬೋನಸ್ಸು ಒಳಗಿಸೆಯಲ್ಲಿಟ್ಟು.

ಹೆಸರೇನ್ರಿ, ಬಿಲ್ಲಿಗೆ? ಅಂದ ಮಕ್ತುಮಸಾಬ.
ಪುಂಡಲೀಕ.
ಓದುವವರಿಗೆ ನಾಲ್ಕೇ ಅಕ್ಷರ.
ನನಗೆ ಮೊದಲನೆಯದಕ್ಕೇ ಗೇಟು ಬೀಳುತ್ತದೆ,
ಓವರ್‌ಬ್ರಿಜ್ ಆಗುವ ಮೊದಲು ಥರ್ಡ್ ಗೇಟಿನಲ್ಲಿ
ಗೂಡ್ಸ್ ಗಾಡಿಗೆ ಬೀಳುತ್ತಿತ್ತಲ್ಲ, ಹಾಗೆ.
ತುಟಿ ಕೂಡುತ್ತವೆ, ಬಿಡುವುದಿಲ್ಲ.
ಆರ್‌ಸಿ ಕಾರ್ಡು ತೆಗೆದು ಕೊಟ್ಟೆ.

ವಡಗಾವಿಯ ಮಗ್ಗದ ಶೆಡ್ಡಿನಲ್ಲಿ ಈ ಕಷ್ಟವಿಲ್ಲ.
ಹದಿನಾರು ಪವರ್‌ಲೂಮು ಕುಟ್ಟುವಾಗ
ಯಾರ ಮಾತೂ ಯಾರಿಗೂ ಕೇಳದು.
ಎರಡು ಬೆರಳೆತ್ತಿದರೆ ಎಳೆ ಕಡಿದಿದೆ,
ಹೆಬ್ಬೆರಳು ತುಟಿಗಿಟ್ಟರೆ ಚಹಾ.
ಅಲ್ಲಿ ಎಲ್ಲರೂ ಮೂಕರು, ನಾನೂ ಸರಿಸಮ.

ಕಾರು ಹಳೇ ಝೆನ್, ಕ್ಯಾಂಪಿನ ಸುಬೇದಾರರದು.
ಹೊಟ್ಟೆಯಡಿಯ ಕೊಳವೆ ತುಕ್ಕು ತಿಂದು
ಬೆರಳೊತ್ತಿದರೆ ಹಪ್ಪಳ.
ಗೋಡೆಗೆ ತೂಗುಹಾಕಿದ್ದ ಕೊಲ್ಹಾಪುರದ ಮಾಲಿನಲ್ಲಿ
ನಾನು ಬೆರಳು ಮಾಡಿದ್ದು ಎಲ್ಲಕ್ಕಿಂತ ದೊಡ್ಡದಕ್ಕೆ,
ಅಂಚಿಗೆ ಸುಟ್ಟ ನೀಲಿ, ಕೊಳಗದಂಥ ಬಾಯಿ.

"ಎರಡೂವರಿ ಇಂಚು? ಈ ಸಣ್ಣ ಇಂಜಿನ್ನಿಗೆ?
ಪೈಪ್ ಅಗಲ ಆದ್ರ ಹೊಗಿಗೆ ಓಟ ಇರೂದಿಲ್ರಿ,
ಪಿಕಪ್ ಸಾಯ್ತದ.
ಪಾವು ಕಮ್ಮಿ ಎರಡಿಂಚು ಸಾಕು.
ಬಾಯಿ ಹಿಗ್ಗಿಸಿದ್ರ ಮಾತಿಗೆ ಜೋರು ಬರ್ತದೇನು?"
ನನಗೇ ಅಂದನೆ?
ಇಲ್ಲ, ಅವನ ಕಣ್ಣು ಕ್ಯಾಲಿಪರಿನ ಮೇಲಿತ್ತು.

ಹಳೇ ಬೋಲ್ಟು ಬರಲಿಲ್ಲ.
ಡೀಸೆಲ್ ಹನಿಸಿ ಚಹಾ ಕುಡಿದು ಬಂದರೂ ಬರಲಿಲ್ಲ.
ಭರಮಾ ಗ್ಯಾಸ್ ಹಚ್ಚಿ ಕೆಂಪಗೆ ಕಾಸಿ
ಪಾನಾ ಹಾಕಿ ಜೋತುಬಿದ್ದ.
ಒಂದು ತಿರುಗಿತು. ಇನ್ನೊಂದರ ತಲೆಯೇ ಹಾರಿತು.
ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಡ್ರಿಲ್ ಕೇಳಿದ.
ಗಾಜಿನ ಹತ್ತಿ ತುಂಬಿದ ಡಬ್ಬಿ, ಹೊಸ ಗ್ಯಾಸ್ಕೆಟ್,
ಮೂರು ರಬ್ಬರಿನ ಕಿವಿಯೋಲೆಗೆ ಕೊಳವೆ ತೂಗಿಬಿಟ್ಟರು.
"ಜಗ್ಗಿ ಕಟ್ಟಬಾರದ್ರಿ. ಕಾದಾಗ ಉದ್ದ ಆಗ್ತದ,
ಅಲ್ಲಾಡಾಕ ಜಾಗಾ ಬೇಕು."
ವೆಲ್ಡಿಂಗಿನ ಬೆಳಕಿಗೆ ಮುಖ ತಿರುಗಿಸಿ
ಗೋಡೆಯ ಮೇಲೆ ನನ್ನ ನೆರಳು
ಬಂದು ಬಂದು ಹೋಗುವುದನ್ನು ನೋಡುತ್ತ ನಿಂತೆ.

ಪೀರನವಾಡಿ ತನಕ ಟ್ರಯಲ್.
ಮೂರನೇ ಗೇರಿಗೆ ಅದು ಎದೆಯಿಂದ ಎದ್ದಿತು,
ಎಲ್ಲೂ ತಡೆಯದ ಒಂದೇ ಉದ್ದನೆಯ ದನಿ.
ದೇವರಾಣೆ, ಹೊಟ್ಟೆಕಿಚ್ಚಾಯಿತು.

ಕ್ರಾಸಿನಲ್ಲಿ ಎಮ್ಮೆ ಅಡ್ಡ ಬಂತು. ಕಾಲೆತ್ತಿದೆ.
ಹಿಂದಿನಿಂದ:
ಪು.
ಪು ಪು.
ಪು.
ಮಕ್ತುಮಸಾಬ ಕಿವಿ ನಿಮಿರಿಸಿದ.
"ಜಾಯಿಂಟಿನ್ಯಾಗ ಗಾಳಿ ಎಳೀತದ,
ಎರಡು ಸುತ್ತು ಬಿಗಿ ಮಾಡಿದ್ರ ನಿಲ್ತದ."
ನಾನು ನಗುತ್ತಿದ್ದೆ, ಸ್ಟೇರಿಂಗಿಗೆ ಹಣೆ ಹಚ್ಚಿ.
ಯಾಕೆಂದು ಅವನಿಗೆ ತಿಳಿಯಲಿಲ್ಲ.
ಎಮ್ಮೆ ಮಾತ್ರ ಅವಸರವಿಲ್ಲದೆ ನಿಂತು ಪೂರ್ತಿ ಕೇಳಿತು;
ಹಾಗೆ ಕೇಳುವವರು ಕಡಿಮೆ.

ಬಿಗಿ ಮಾಡಿದ. ನಿಲ್ಲಲಿಲ್ಲ, ಕಡಿಮೆಯಾಯಿತು.
ಬಿಲ್ಲಿನಲ್ಲಿ 'ಲೀ' ಗಿಡ್ಡ ಮಾಡಿ ಬರೆದಿದ್ದ ಹೆಸರು.
ಇನ್ನೂರು ರೂಪಾಯಿ ಬಿಟ್ಟ.
ಆರ್‌ಪಿಡಿ ಕ್ರಾಸಿನಲ್ಲಿ ಪೊಲೀಸ ತಿರುಗಿ ನೋಡಿದಾಗ
ಪೆಡಲಿನಡಿ ಕೋಳಿಮೊಟ್ಟೆ ಇಟ್ಟವನಂತೆ ದಾಟಿದೆ.

ವಡಗಾವಿಗೆ ಬಂದರೆ ಕರೆಂಟಿಲ್ಲ.
ಓಣಿಯ ಮಗ್ಗಗಳೆಲ್ಲ ಅರ್ಧ ಎಳೆಗೆ ನಿಂತಿವೆ.
ಲಾಳಿ ಬಿದ್ದರೂ ಕೇಳುವಂಥ ಮೌನ, ಅದರೊಳಗೆ ನಾನು:
ಪು. ಪು ಪು.
ಕಟ್ಟೆಯ ಮೇಲಿದ್ದ ನೀಲವ್ವಾಯಿ ಕತ್ತಲಿಗೇ ಕೂಗಿದಳು,
"ಕರೆಂಟ್ ಬಂತೇನು? ಗಿರಣಿ ಚಾಲೂ ಆತಲ್ಲ!
ತಡೀ, ಜ್ವಾಳ ತರ್ತೀನಿ."

ಅಲ್ಲ, ನಾನು, ಅನ್ನಬೇಕಿತ್ತು.
ಅಷ್ಟರಲ್ಲಿ ಅವಳು ಬುಟ್ಟಿ ಹೊತ್ತು ಹೊರಟಿದ್ದಳು.
ಗಾಡಿ ಆಫ್ ಮಾಡಲಿಲ್ಲ.
ಬಾಗಿಲು ತೆರೆದು ಹಿಂದಿನ ಸೀಟಿನಲ್ಲಿ ಬುಟ್ಟಿ ಇಡಿಸಿಕೊಂಡು
ಮುಂದಿನ ಓಣಿಯಲ್ಲಿ ದೀಪವಿತ್ತು,
ಆ ಕಡೆ ತಿರುಗಿಸಿದೆ.